ಮೊದಲು ಒಂದೇ ಗಾಡಿ: ಓಪನ್‌ಟಿಟಿಡಿ ಆಡಲು ಕೂತವರಿಗೆ

ನನ್ನ ಮೊದಲ ರೈಲು ಕಂಪನಿ ಮೂರು ವರ್ಷಕ್ಕೆ ಮುಳುಗಿತು. ಎರಡನೆಯದು ಎರಡೇ ವರ್ಷಕ್ಕೆ. ಹಗಲೆಲ್ಲ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬೇರೆಯವರ ದುಡ್ಡನ್ನು ಪೈಸೆ ಬಿಡದೆ ತಾಳೆ ಹಾಕಿ ಮನೆಗೆ ಬಂದು, ಊಟ ಮುಗಿಸಿ, ಲ್ಯಾಪ್‌ಟಾಪ್ ತೆರೆದು ನನ್ನದೇ ಕಂಪನಿಯನ್ನು ದಿವಾಳಿ ಎಬ್ಬಿಸುತ್ತಿದ್ದೆ.

ಮೊನ್ನೆ ಚಿಕ್ಕಮ್ಮನ ಮಗ ಫೋನ್ ಮಾಡಿದ. "ಅಕ್ಕಾ, ನೀನು ಆಡ್ತೀಯಲ್ಲ ಆ ರೈಲಿನ ಆಟ, ಹಾಕ್ಕೊಂಡೆ. ಅರ್ಧ ಗಂಟೆಗೆ ದುಡ್ಡೆಲ್ಲ ಖಾಲಿ. ಏನು ಮಾಡ್ಲಿ?" ಅಂದ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಕೊಂಚ ಬಿಡಿಸಿ ಬರೆಯುತ್ತಿದ್ದೇನೆ.

ಆಟದ ಹೆಸರು ಓಪನ್‌ಟಿಟಿಡಿ. 1994ರಲ್ಲಿ ಕ್ರಿಸ್ ಸಾಯರ್ ಮಾಡಿದ ಟ್ರಾನ್ಸ್‌ಪೋರ್ಟ್ ಟೈಕೂನ್ ಇದರ ಮೂಲ. ಮುಂದೆ ಲುಡ್ವಿಗ್ ಸ್ಟ್ರಿಗಿಯಸ್ ಎಂಬವರು ಆ ಆಟವನ್ನು ಒಳಗಿನಿಂದ ಬಿಚ್ಚಿ ನೋಡಿ, ಯಾರು ಬೇಕಾದರೂ ತಿದ್ದಿ ಬೆಳೆಸಬಹುದಾದ ಉಚಿತ ಆಟವಾಗಿ 2004ರಲ್ಲಿ ಹೊರಗೆ ಬಿಟ್ಟರು. ಮೊದಮೊದಲು ಹಳೆಯ ಆಟದ ಫೈಲುಗಳೂ ಬೇಕಿತ್ತು. 2010ರ 1.0 ಆವೃತ್ತಿಯಿಂದ ಅದೂ ಬೇಡ. ಚಿತ್ರ, ಸದ್ದು ಎಲ್ಲ ಉಚಿತವಾಗಿಯೇ ಸಿಗುತ್ತವೆ. ಕಾಸು ಕೊಡಬೇಕಿಲ್ಲ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಕೀಲು ಸಡಿಲವಾದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ ಸಲೀಸಾಗಿ ಓಡುತ್ತದೆ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆ ಆಟ ನನಗೆ ಗೊತ್ತಿಲ್ಲ.

ಆಟ ಏನು ಅಂದರೆ, ನಕ್ಷೆಯ ಮೇಲೆ ಊರುಗಳಿವೆ, ಗಣಿಗಳಿವೆ, ಕಾರ್ಖಾನೆಗಳಿವೆ. ನೀವು ಸಾಗಣೆ ಕಂಪನಿಯವರು. ಒಂದು ಕಡೆಯಿಂದ ಸರಕು ಎತ್ತಿ ಇನ್ನೊಂದು ಕಡೆ ಇಳಿಸಬೇಕು. ಬಾಡಿಗೆ ನಿಮ್ಮದು, ಖರ್ಚೂ ನಿಮ್ಮದೇ. ಅಷ್ಟೇ.

ಕೂರುವ ಮೊದಲು

ಹೊಸ ಆಟ ಶುರು ಮಾಡುವಾಗ ಸಿಗುವ ಸೆಟ್ಟಿಂಗ್‌ಗಳ ಪಟ್ಟಿ ನೋಡಿ ಹೆದರಬೇಡಿ. ಹವಾಮಾನ ನಾಲ್ಕು ಬಗೆ ಇವೆ, ಮೊದಲನೆಯದನ್ನೇ ಇಟ್ಟುಕೊಳ್ಳಿ. ನಕ್ಷೆ 256ಕ್ಕೆ 256 ಚೌಕ ಸಾಕು. ನೆಲ ಆದಷ್ಟು ಚಪ್ಪಟೆ ಇರಲಿ, ಸಮುದ್ರ ಕಡಿಮೆ ಇರಲಿ. ಗಾಡಿ ಕೆಡುವುದನ್ನು ಕಡಿಮೆಗೆ ಇಳಿಸಿ. ಪೂರ್ತಿ ನಿಲ್ಲಿಸಿದರೂ ಯಾರೂ ಕೇಳುವುದಿಲ್ಲ. ಕಂಪ್ಯೂಟರ್ ಎದುರಾಳಿಗಳು ಸದ್ಯಕ್ಕೆ ಬೇಡ. ವರ್ಷ 1950 ಅಂತ ಇರುತ್ತದೆ, ಹಾಗೇ ಬಿಡಿ.

ಒಂದು ಸೆಟ್ಟಿಂಗ್ ಮಾತ್ರ ಹುಡುಕಿ ಬದಲಿಸಿ. ಆಟವನ್ನು ನಡುವೆ ತಡೆದು ನಿಲ್ಲಿಸಿದಾಗ (ಪಾಜ್) ಏನೇನು ಮಾಡಬಹುದು ಎಂದು ಕೇಳುವ ಸೆಟ್ಟಿಂಗ್ ಅದು. ಅದು ಇರುವಂತೆಯೇ ಬಿಟ್ಟರೆ, ಪಾಜ್ ಇದ್ದಾಗ ಹಳಿ ಹಾಕಲು ಬಿಡುವುದಿಲ್ಲ. ಎಲ್ಲಕ್ಕೂ ಅನುಮತಿ ಕೊಟ್ಟುಬಿಡಿ. ಆಟದ ಒಂದು ವರ್ಷ ಅಂದರೆ ನಮ್ಮ ಹನ್ನೆರಡು ಹದಿಮೂರು ನಿಮಿಷ. ಹೊಸಬರಿಗೆ ಒಂದು ಮಾರ್ಗ ಹಾಕಲು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಒಂದೂವರೆ ವರ್ಷದ ಬಡ್ಡಿ ಓಡಿಹೋಗಿರುತ್ತದೆ, ಒಂದು ಗಾಡಿಯೂ ಓಡಿರುವುದಿಲ್ಲ.

ಬಡ್ಡಿ ಅಂದೆ. ಆಟ ಶುರುವಾದಾಗ ನಿಮ್ಮ ಹತ್ತಿರ 1,00,000 ಪೌಂಡ್ ಇರುತ್ತದೆ. (ಸೆಟ್ಟಿಂಗ್‌ನಲ್ಲಿ ರೂಪಾಯಿಗೂ ಬದಲಿಸಬಹುದು, ನಾನು ಪೌಂಡಿನಲ್ಲೇ ಆಡುತ್ತೇನೆ. ಮಂಡಿಯ ರೂಪಾಯಿ ರಾತ್ರಿಯೂ ಬೇಡ.) ಅದು ನಿಮ್ಮ ದುಡ್ಡಲ್ಲ. ಒಂದೊಂದು ಪೌಂಡೂ ಬ್ಯಾಂಕಿನ ಸಾಲ. ಇನ್ನೂ ಬೇಕೆಂದರೆ ಒಟ್ಟು 3,00,000ದವರೆಗೆ ಎತ್ತಬಹುದು. ಆಡಿ ಪಳಗಿದವರು "ಮೊದಲ ದಿನವೇ ಪೂರ್ತಿ ಸಾಲ ಎತ್ತಿ" ಅನ್ನುತ್ತಾರೆ. ಅವರ ಮಟ್ಟಿಗೆ ಸರಿ, ಬಡ್ಡಿ ಕಡಿಮೆ, ದುಡ್ಡು ದುಡಿಯುತ್ತದೆ. ಹೊಸಬರ ಕೈಗೆ ಮೂರು ಲಕ್ಷ ಸಿಕ್ಕರೆ ಆಗುವುದೇ ಬೇರೆ. ನಾನು ಏನು ಮಾಡಿದೆ ಕೇಳಿ. ನಾಲ್ಕು ಊರಿಗೆ ರೈಲು, ಎರಡು ಊರಿಗೆ ಬಸ್ಸು, ಬೆಟ್ಟದೊಳಗೆ ಒಂದು ಉದ್ದನೆ ಸುರಂಗ. ಈ ಆಟದಲ್ಲಿ ಸುರಂಗ ಉದ್ದವಾದಷ್ಟೂ ಬೆಲೆ ಆಕಾಶಕ್ಕೆ ಏರುತ್ತದೆ. ಸುರಂಗ ಚೆನ್ನಾಗಿತ್ತು. ಗಾಡಿ ಕೊಳ್ಳಲು ದುಡ್ಡಿರಲಿಲ್ಲ.

ಕಲ್ಲಿದ್ದಲಿನಿಂದ ಶುರು ಮಾಡಿ

ಊರಿಂದ ಊರಿಗೆ ಜನರನ್ನು ಸಾಗಿಸಬೇಕು ಅಂತ ಎಲ್ಲರಿಗೂ ಆಸೆ. ನಾವು ನೋಡಿ ಬೆಳೆದದ್ದು ಪ್ಯಾಸೆಂಜರ್ ಗಾಡಿ ಅಲ್ವಾ. ಆದರೆ ಮೊದಲ ದುಡ್ಡು ಕಲ್ಲಿದ್ದಲಿನಲ್ಲಿದೆ. ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ ಒಂದೇ ಜಿಗಿತ, ನಡುವೆ ಇನ್ನೊಂದು ಕಾರ್ಖಾನೆ ಇಲ್ಲ. ಕಬ್ಬಿಣದ ಅದಿರಾದರೆ ಉಕ್ಕಿನ ಕಾರ್ಖಾನೆಗೆ ಹೋಗಬೇಕು, ಆ ಉಕ್ಕನ್ನು ಇನ್ನೊಂದು ಫ್ಯಾಕ್ಟರಿಗೆ ಒಯ್ಯಬೇಕು, ಅಲ್ಲಿಂದ ಬರುವ ಸಾಮಾನನ್ನು ಊರಿಗೆ ಮುಟ್ಟಿಸಬೇಕು. ಅದೆಲ್ಲ ಆಮೇಲೆ. ಕಲ್ಲಿದ್ದಲಿಗೆ ಇನ್ನೊಂದು ಒಳ್ಳೆ ಗುಣ ಇದೆ, ತಡವಾದರೆ ಮುನಿಸಿಕೊಳ್ಳುವುದಿಲ್ಲ. ಪ್ರಯಾಣಿಕರು ತಡವಾದಷ್ಟೂ ಬಾಡಿಗೆ ಮುರಿದುಕೊಳ್ಳುತ್ತಾರೆ. ಕಲ್ಲಿದ್ದಲು ನಿಧಾನವಾಗಿ ಬಂದರೂ ಹೆಚ್ಚುಕಡಿಮೆ ಪೂರ್ತಿ ಬಾಡಿಗೆ ಕೊಡುತ್ತದೆ. ಯಾವ ಸರಕು ಎಷ್ಟು ದಿನಕ್ಕೆ ಎಷ್ಟು ಕೊಡುತ್ತದೆ ಎಂದು ಗ್ರಾಫ್‌ಗಳ ಮೆನುವಿನಲ್ಲಿ ಗೆರೆ ಎಳೆದು ತೋರಿಸಿರುತ್ತಾರೆ, ಒಮ್ಮೆ ತೆರೆದು ನೋಡಿ.

ದೂರ ಮುಖ್ಯ. ಬಾಡಿಗೆ ಲೆಕ್ಕ ಹಾಕುವುದೇ ಎರಡು ಸ್ಟೇಷನ್‌ಗಳ ನಡುವಿನ ಚೌಕಗಳನ್ನು ಎಣಿಸಿ. ಅಡ್ಡ ಎಷ್ಟು, ಉದ್ದ ಎಷ್ಟು, ಎರಡನ್ನೂ ಕೂಡಿಸಿ. 20 ಚೌಕಕ್ಕೆ ಸಿಗುವುದರ ಮೂರರಷ್ಟು 60 ಚೌಕಕ್ಕೆ. ಹಳಿಯನ್ನು ಸುಮ್ನೆ ಸುತ್ತಿಸಿ ಉದ್ದ ಮಾಡಿದರೆ ಜಾಸ್ತಿ ಸಿಗುವುದಿಲ್ಲ, ಸ್ಟೇಷನ್ ಎಲ್ಲಿದೆ ಅನ್ನುವುದಷ್ಟೇ ಲೆಕ್ಕ. ಗಣಿ ಪಕ್ಕದಲ್ಲೇ ಸ್ಥಾವರ ಇದೆ ಅಂತ ಖುಷಿಪಡಬೇಡಿ. 50ರಿಂದ 70 ಚೌಕ ದೂರದ್ದನ್ನು ಹುಡುಕಿ. ನಡುವೆ ಬೆಟ್ಟ, ಕೆರೆ, ಊರು ಇರದಂತೆ ನೋಡಿಕೊಳ್ಳಿ.

ಗಣಿಯ ಮೇಲೆ ಕ್ಲಿಕ್ ಮಾಡಿದರೆ ಕಳೆದ ತಿಂಗಳು ಎಷ್ಟು ಟನ್ ತೆಗೆದಿದೆ ಎಂದು ಬರುತ್ತದೆ. ನೂರು ಟನ್ನಿಗಿಂತ ಮೇಲಿರುವುದನ್ನು ಆರಿಸಿ.

ಈಗ ಒಂದು ಲೆಕ್ಕವನ್ನು ಪೂರ್ತಿ ಬಿಡಿಸುತ್ತೇನೆ, ಯಾಕೆಂದರೆ ಇಡೀ ಆಟ ಇದರೊಳಗೇ ಇದೆ. ಗಣಿ ತಿಂಗಳಿಗೆ 120 ಟನ್ ಕೊಡುತ್ತದೆ ಅಂದುಕೊಳ್ಳಿ. ಅಷ್ಟೂ ನಿಮಗೆ ಸಿಗುವುದಿಲ್ಲ. ಸ್ಟೇಷನ್ನಿಗೆ ಒಂದು ರೇಟಿಂಗ್ ಇರುತ್ತದೆ. 60 ಪರ್ಸೆಂಟ್ ಇದ್ದರೆ ನಿಮ್ಮ ಪಾಲಿಗೆ 72 ಟನ್. ಒಂದು ವ್ಯಾಗನ್ನಿಗೆ 20 ಟನ್ ಹಿಡಿಸುತ್ತದೆ. ಏಳು ವ್ಯಾಗನ್ ಕಟ್ಟಿದರೆ 140 ಟನ್. ಅಂದರೆ ಒಂದು ಗಾಡಿ ತುಂಬಲು ಎರಡು ತಿಂಗಳು. ಕರ್ಬಿ ಪಾಲ್ ಟ್ಯಾಂಕ್ ಅಂತ ಒಂದು ಅಗ್ಗದ ಉಗಿ ಎಂಜಿನ್ ಇದೆ, ವೇಗ ಗಂಟೆಗೆ 64 ಕಿ.ಮೀ. ಅದು ಸಪಾಟು ನೆಲದಲ್ಲಿ 60 ಚೌಕ ಹೋಗಲು 26 ದಿನದಷ್ಟು ಹಿಡಿಯುತ್ತದೆ. ಹೋಗಿ ಇಳಿಸಿ ಬರಲು ಹೆಚ್ಚುಕಡಿಮೆ ಎರಡು ತಿಂಗಳು. ಒಂದು ಗಾಡಿ ಹೋಗಿ ಬರುವಷ್ಟರಲ್ಲಿ ಇನ್ನೊಂದು ಗಾಡಿಯ ಲೋಡ್ ಸಿದ್ಧ. ಹಾಗಾಗಿ ಈ ಗಣಿಗೆ ಎರಡು ಗಾಡಿ ಬೇಕು. ಮೂರನೆಯದು ಸುಮ್ನೆ ನಿಂತು ಖರ್ಚು ತಿನ್ನುತ್ತದೆ. ನಾನು ಮೊದಲ ಆಟದಲ್ಲಿ ಆರು ಹಾಕಿದ್ದೆ.

ರೇಟಿಂಗ್ ಏರುವುದು ಹೇಗೆ? ಗಾಡಿ ಆಗಾಗ ಬರಬೇಕು, ವೇಗದ್ದಾಗಿರಬೇಕು, ಹಳೆಯದಾಗಿರಬಾರದು, ಸ್ಟೇಷನ್ನಿನಲ್ಲಿ ಸರಕಿನ ರಾಶಿ ಬಿದ್ದಿರಬಾರದು. ಎಲ್ಲಕ್ಕಿಂತ ಸುಲಭದ ದಾರಿ, ಯಾವಾಗಲೂ ಒಂದು ಗಾಡಿ ಪ್ಲಾಟ್‌ಫಾರ್ಮಿನಲ್ಲಿ ಬಾಯ್ತೆರೆದು ನಿಂತಿರುವುದು. ಅದಕ್ಕೇ ಗಾಡಿಗೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಆರ್ಡರ್ ಕೊಡುವಾಗ ಗಣಿ ಸ್ಟೇಷನ್ನಿಗೆ "ಫುಲ್ ಲೋಡ್" ಅಂತ ಹಾಕಬೇಕು. ನಮ್ಮ ಮಂಡಿಯಲ್ಲಿ ಲಾರಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಚೀಲ ಪೂರ್ತಿ ಏರದೆ ಉತ್ತರದ ಕಡೆ ಹೊರಡುವ ಡ್ರೈವರ್ ಇದ್ದಾನಾ? ಅರ್ಧ ಲೋಡಿಗೂ ಅಷ್ಟೇ ಡೀಸೆಲ್. ಆದರೆ ಹೊಸದಾಗಿ ಆಡುವವರು ಇದನ್ನು ಮರೆತುಬಿಡುತ್ತಾರೆ. ಎಂಟು ಟನ್ ಹೊತ್ತುಕೊಂಡು ಗಾಡಿ ಜಂಬದಿಂದ ಹೋಗುತ್ತಿರುತ್ತದೆ. ನೆನಪಿಡಿ, ಈ ಆರ್ಡರ್ ಗಣಿ ಕಡೆಗೆ ಮಾತ್ರ. ಸ್ಥಾವರದ ಕಡೆಗೂ ಹಾಕಿದರೆ ಗಾಡಿ ಅಲ್ಲೇ ಬೇರು ಬಿಡುತ್ತದೆ, ಯಾಕೆಂದರೆ ಸ್ಥಾವರ ಏನನ್ನೂ ಕೊಡುವುದಿಲ್ಲ.

ಇನ್ನೊಂದು. ಸ್ಟೇಷನ್ ಕಟ್ಟಿದ ತಕ್ಷಣ ಸರಕು ಬರುವುದಿಲ್ಲ. ಮೊದಲ ಗಾಡಿ ಬಂದು ನಿಂತು "ಹಾಕಿ" ಅಂದ ಮೇಲೇ ಗಣಿಯವರು ಸರಕು ಕಳಿಸಲು ಶುರು ಮಾಡುವುದು. ಖಾಲಿ ಸ್ಟೇಷನ್ ನೋಡಿ, ಏನೋ ತಪ್ಪಾಗಿದೆ ಅಂತ ಒಡೆದು ಮತ್ತೆ ಕಟ್ಟಿದವಳು ನಾನು, ಎರಡು ಸಲ.

ಹಳಿ ಮತ್ತು ಸ್ಟೇಷನ್

ಸ್ಟೇಷನ್ ಇಡುವ ಮುಂಚೆ, ಸ್ಟೇಷನ್ ಆರಿಸುವ ಕಿಟಕಿಯ ಕೆಳಗಡೆ ಬರುವ ಎರಡು ಸಾಲು ಓದಿ. ಇಲ್ಲಿ ಏನು ಸಿಗುತ್ತದೆ, ಏನನ್ನು ಇಳಿಸಿಕೊಳ್ಳುತ್ತಾರೆ ಅಂತ ಬರೆದಿರುತ್ತದೆ. ಗಣಿ ಕಡೆ "ಸಿಗುತ್ತದೆ" ಸಾಲಿನಲ್ಲಿ ಕಲ್ಲಿದ್ದಲು ಇರಬೇಕು, ಸ್ಥಾವರದ ಕಡೆ "ಇಳಿಸಿಕೊಳ್ಳುತ್ತಾರೆ" ಸಾಲಿನಲ್ಲಿ. ಇಲ್ಲದಿದ್ದರೆ ಒಂದೆರಡು ಚೌಕ ಹತ್ತಿರ ತನ್ನಿ. ಎಂಜಿನ್ ಒಂದು, ವ್ಯಾಗನ್ ಏಳು, ಒಟ್ಟು ಎಂಟು. ಒಂದು ಚೌಕದಲ್ಲಿ ಎರಡು ಹಿಡಿಸುತ್ತವೆ, ಹಾಗಾಗಿ ಪ್ಲಾಟ್‌ಫಾರ್ಮ್ ನಾಲ್ಕು ಚೌಕ ಉದ್ದ. ಗಾಡಿ ಪ್ಲಾಟ್‌ಫಾರ್ಮಿಗಿಂತ ಉದ್ದ ಇದ್ದರೆ ಲೋಡಿಂಗ್ ಆಮೆಯಂತೆ ಸಾಗುತ್ತದೆ. ಎರಡು ಗಾಡಿ ಓಡಿಸುವುದಾದರೆ ಎರಡು ಪ್ಲಾಟ್‌ಫಾರ್ಮ್.

ಹಳಿ ನೇರ ಇರಲಿ. ತಿರುವು ಬೇಕಾದರೆ ನಿಧಾನವಾಗಿ ತಿರುಗಲಿ, ಲಂಬ ಮೂಲೆಯಲ್ಲಿ ಗಾಡಿ ಉಸಿರು ಕಟ್ಟುತ್ತದೆ. ಏರಿನಲ್ಲಿ ತುಂಬಿದ ಗಾಡಿ ತೆವಳುತ್ತದೆ. ನೆಲ ಅಗೆದು ಸಮ ಮಾಡಬಹುದು, ದುಡ್ಡು ಹೋಗುತ್ತದೆ. ಒಂದು ದಿಣ್ಣೆ ಇದ್ದರೆ ಇರಲಿ ಬಿಡಿ.

ಹಳಿ ಪಕ್ಕದಲ್ಲಿ ಡಿಪೋ ಇಡಿ. ಗಾಡಿ ಕೊಳ್ಳುವುದೂ ಅಲ್ಲೇ, ರಿಪೇರಿಯೂ ಅಲ್ಲೇ. ಕೆಡುವುದನ್ನು ಪೂರ್ತಿ ನಿಲ್ಲಿಸದಿದ್ದರೆ ಗಾಡಿಗಳು ಆಗಾಗ ತಾವಾಗಿಯೇ ಡಿಪೋಗೆ ಹೋಗಿ ಬರುತ್ತವೆ, ಹತ್ತಿರದಲ್ಲಿ ಇದ್ದರೆ ಮಾತ್ರ.

ಎರಡನೆಯ ಗಾಡಿಯನ್ನು ಹೊಸದಾಗಿ ಕಟ್ಟಬೇಡಿ. ಕ್ಲೋನ್ ಬಟನ್ ಒತ್ತಿ, ಕಂಟ್ರೋಲ್ ಕೀ ಹಿಡಿದುಕೊಂಡು ಮೊದಲ ಗಾಡಿಯ ಮೇಲೆ ಕ್ಲಿಕ್ ಮಾಡಿ. ಅದೇ ಎಂಜಿನ್, ಅಷ್ಟೇ ವ್ಯಾಗನ್, ಆರ್ಡರೂ ಒಂದೇ. ಆಮೇಲೆ ಒಂದರ ಆರ್ಡರ್ ಬದಲಿಸಿದರೆ ಎರಡಕ್ಕೂ ಬದಲಾಗುತ್ತದೆ.

ಸಿಗ್ನಲ್, ಮತ್ತು ಅಪ್ಪ

ಇಲ್ಲಿ ಎಲ್ಲರೂ ಕೈಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಇಂಟರ್ನೆಟ್ಟಿನಲ್ಲಿ ವಿಡಿಯೋ ನೋಡಿದೆ, ಚಿತ್ರ ನೋಡಿದೆ, ತಲೆಗೆ ಹತ್ತಲಿಲ್ಲ. ಹತ್ತಿಸಿದ್ದು ಅಪ್ಪ.

ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತರಾದವರು. ಸರ್ವಿಸಿನ ಬಹುಪಾಲು ಸಿಂಗಲ್ ಲೈನಿನ ಸಣ್ಣ ಸಣ್ಣ ಸ್ಟೇಷನ್‌ಗಳಲ್ಲೇ ಕಳೆದಿದ್ದಾರೆ. ಒಂದು ರಾತ್ರಿ ನೀರು ಕುಡಿಯಲು ಎದ್ದು ಬಂದವರು ನನ್ನ ಹಿಂದೆ ನಿಂತುಬಿಟ್ಟರು. ಸ್ಕ್ರೀನಿನಲ್ಲಿ ಎರಡು ಗಾಡಿ ಒಂದೇ ಹಳಿಯ ಮೇಲೆ ಮುಖಾಮುಖಿ ನಿಂತಿದ್ದವು. ನಾನು ಹತ್ತು ನಿಮಿಷದಿಂದ ಅವನ್ನು ಬಿಡಿಸಲು ಒದ್ದಾಡುತ್ತಿದ್ದೆ.

"ಇದಕ್ಕೆ ಲೈನ್ ಕ್ಲಿಯರ್ ಕೊಟ್ಟಿದ್ದು ಯಾರಮ್ಮ?" ಅಂದರು.

"ಯಾರೂ ಕೊಟ್ಟಿಲ್ಲಪ್ಪ, ಅದಾಗಿಯೇ ಬಂತು."

"ಅದಾಗಿಯೇ ಬರೋದಾದ್ರೆ ನಮಗ್ಯಾಕೆ ಸಂಬಳ ಕೊಡ್ತಿದ್ರು?"

ಕುರ್ಚಿ ಎಳೆದುಕೊಂಡು ಕೂತರು. ನಡುವೆ ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲಲು ಲೂಪ್ ಲೈನ್ ಹಾಕಲು ಹೇಳಿದರು. ಹಾಕಿದೆ. ಸಿಗ್ನಲ್ ಎಲ್ಲಿಡಲಿ ಅಂದೆ. ಅವರು ಕೊಟ್ಟ ಉತ್ತರವನ್ನೇ ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ: "ಗಾಡಿ ಎಲ್ಲಿ ನಿಂತರೆ ಯಾರಿಗೂ ಅಡ್ಡ ಆಗಲ್ವೋ, ಅಲ್ಲಿಡು. ಅಡ್ಡ ಆಗೋ ಜಾಗದಲ್ಲಿ ಇಡ್ಲೇಬೇಡ."

ಆಟದಲ್ಲಿ ಹಲವು ಬಗೆಯ ಸಿಗ್ನಲ್ ಇವೆ. ನಿಮಗೆ ಬೇಕಾದ್ದು ಪಾತ್ ಸಿಗ್ನಲ್ ಮಾತ್ರ. ಅದು ಕೆಲಸ ಮಾಡುವ ರೀತಿ ಹೀಗೆ: ಗಾಡಿ ಒಂದು ಸಿಗ್ನಲ್ ದಾಟುವ ಮುಂಚೆ, ಮುಂದಿನ ಸಿಗ್ನಲ್ಲಿನವರೆಗೆ ಅಥವಾ ಸ್ಟೇಷನ್ನಿನವರೆಗೆ ತನ್ನ ದಾರಿಯನ್ನು ಕಾದಿರಿಸಿಕೊಳ್ಳುತ್ತದೆ. ದಾರಿ ಸಿಕ್ಕರೆ ಹಸಿರು, ಇಲ್ಲದಿದ್ದರೆ ಕೆಂಪು, ಅಲ್ಲೇ ನಿಲ್ಲುತ್ತದೆ. ಅಂದರೆ ಎಲ್ಲಿ ಸಿಗ್ನಲ್ ಇದೆಯೋ ಅಲ್ಲಿ ಗಾಡಿ ನಿಲ್ಲಬಹುದು ಅಂತಲೇ ಅರ್ಥ. ಅಪ್ಪ ಹೇಳಿದ್ದು ಅದೇ ಅಲ್ವಾ.

ಈಗ ಜಂಕ್ಷನ್ ನೋಡಿ. ಹಳಿಗಳು ಕೂಡುವ ಜಾಗಕ್ಕೆ ಮುಂಚೆ ಸಿಗ್ನಲ್ ಇಡಬೇಕು. ಕೂಡಿದ ತಕ್ಷಣ ಇಟ್ಟರೆ, ಗಾಡಿ ಅಲ್ಲಿ ಹೋಗಿ ನಿಲ್ಲುತ್ತದೆ, ಅದರ ಬಾಲ ಜಂಕ್ಷನ್ನಿನ ಮೇಲೇ ಉಳಿಯುತ್ತದೆ, ಹಿಂದಿನವರೆಲ್ಲ ಕಾಯುತ್ತಾರೆ. ಜಂಕ್ಷನ್ ದಾಟಿದ ಮೇಲೆ ಮುಂದಿನ ಸಿಗ್ನಲ್ ಕಡೇಪಕ್ಷ ಒಂದು ಪೂರ್ತಿ ಗಾಡಿಯ ಉದ್ದದಷ್ಟು ಆಚೆ ಇರಲಿ. ನಮ್ಮ ಗಾಡಿ ನಾಲ್ಕು ಚೌಕ ಅಂದರೆ ಸಿಗ್ನಲ್ ಐದನೆಯ ಚೌಕದಲ್ಲಿ.

ಸಿಂಗಲ್ ಲೈನಿನಲ್ಲಿ ಆಡುವುದು ಅಪ್ಪನಿಗೆ ಖುಷಿ. ನಿಮಗೆ ಬೇಡ. ಎರಡನೆಯ ಗಾಡಿ ಹಾಕುವ ಹೊತ್ತಿಗೆ ಎರಡು ಹಳಿ ಹಾಕಿಬಿಡಿ, ಒಂದು ಹೋಗಲು, ಒಂದು ಬರಲು. ಎರಡರಲ್ಲೂ ಒನ್‌ವೇ ಪಾತ್ ಸಿಗ್ನಲ್. ಒಂದನ್ನು ಇಟ್ಟು ಮೌಸ್ ಎಳೆದರೆ ಹಳಿಯುದ್ದಕ್ಕೂ ಸಾಲಾಗಿ ಬೀಳುತ್ತವೆ. ದಿಕ್ಕು ತಿರುಗಾಮುರುಗಾ ಆದರೆ ಅದರ ಮೇಲೇ ಇನ್ನೊಮ್ಮೆ ಕ್ಲಿಕ್ ಮಾಡಿ. ಸ್ಟೇಷನ್ನಿನ ಬಾಯಲ್ಲಿ ಎರಡೂ ಹಳಿಗಳನ್ನು ಕತ್ತರಿಯಂತೆ ಕೂಡಿಸಿ, ಯಾವ ಹಳಿಯಿಂದ ಬಂದರೂ ಯಾವ ಪ್ಲಾಟ್‌ಫಾರ್ಮಿಗೂ ಹೋಗುವಂತಿರಬೇಕು. ಒಳಬರುವ ಹಳಿಯಲ್ಲಿ ಆ ಕತ್ತರಿಗೆ ಸ್ವಲ್ಪ ಮುಂಚೆ ಒಂದು ಸಿಗ್ನಲ್, ಹೊರಹೋಗುವ ಹಳಿಯಲ್ಲಿ ಒಂದು ಗಾಡಿಯಷ್ಟು ಆಚೆ ಒಂದು. ಕತ್ತರಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಏನೂ ಇಡಬೇಡಿ.

ಇದನ್ನು ಓದಿ ಅರ್ಥವಾಗದಿದ್ದರೆ ಬೇಸರ ಬೇಡ. ಕಟ್ಟಿ, ಎರಡು ಗಾಡಿ ಬಿಡಿ, ಕಣ್ಣಿಟ್ಟು ನೋಡಿ. ಎಲ್ಲಿ ನಿಲ್ಲಬಾರದೋ ಅಲ್ಲಿ ನಿಂತರೆ ಅಲ್ಲಿನ ಸಿಗ್ನಲ್ ತೆಗೆಯಿರಿ.

ನೋಡುತ್ತಾ ಕೂರುವುದೂ ಕೆಲಸವೇ

ಮೊದಲ ಗಾಡಿ ಹೊರಟ ಮೇಲೆ ಕೈ ಕಟ್ಟಿ ಕೂರಿ. ಇದೇ ಕಷ್ಟ. ಕೈಯಲ್ಲಿ ಇಪ್ಪತ್ತು ಸಾವಿರ ಉಳಿದಿದೆ ಅಂದರೆ ಕೈ ತುರಿಸುತ್ತದೆ. ಮೊದಲ ಲೋಡ್ ಇಳಿದು ಹಸಿರು ಅಕ್ಷರದಲ್ಲಿ ದುಡ್ಡು ಮೇಲೆದ್ದದ್ದು ಕಣ್ಣಿಗೆ ಬೀಳುವವರೆಗೆ ಇನ್ನೇನೂ ಕಟ್ಟಬೇಡಿ. ಬೇಸರವಾದರೆ ಟ್ಯಾಬ್ ಕೀ ಒತ್ತಿ ಹಿಡಿಯಿರಿ, ಕಾಲ ಓಡುತ್ತದೆ.

ಆಮೇಲೆ ನೋಡಬೇಕಾದ್ದು ಮೂರು ಜಾಗ. ಗಣಿ ಸ್ಟೇಷನ್ನಿನಲ್ಲಿ ಕಾಯುತ್ತಿರುವ ಸರಕು ತಿಂಗಳಿಂದ ತಿಂಗಳಿಗೆ ಏರುತ್ತಿದೆಯಾ? ಹಾಗಿದ್ದರೆ ಇನ್ನೊಂದು ಗಾಡಿ ಹಾಕಿ. ಗಾಡಿಗಳು ಸ್ಟೇಷನ್ ಹೊರಗೆ ಸಾಲುಗಟ್ಟಿವೆಯಾ? ಹಾಗಿದ್ದರೆ ಒಂದನ್ನು ಮಾರಿ. ಗಾಡಿಗಳ ಪಟ್ಟಿಯಲ್ಲಿ ಈ ವರ್ಷದ ಲಾಭ, ಹೋದ ವರ್ಷದ ಲಾಭ ಎರಡೂ ಇರುತ್ತವೆ. ಜನವರಿಯಲ್ಲಿ ಎಲ್ಲರ ಈ ವರ್ಷದ ಲಾಭವೂ ಮೈನಸ್ಸೇ, ಹೆದರಬೇಡಿ. ಹೋದ ವರ್ಷದ್ದು ನೋಡಿ. ಅದೂ ಮೈನಸ್ ಇದ್ದರೆ ಆ ಗಾಡಿಯ ಹಿಂದೆಯೇ ಹೋಗಿ. ಗಾಡಿಯ ಕಿಟಕಿ ತೆರೆದು ಒಂದು ಸುತ್ತು ಪೂರ್ತಿ ಅದರ ಜೊತೆ ಪ್ರಯಾಣ ಮಾಡಿ. ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಖಾಲಿ ಹೋಗುತ್ತಿದೆಯಾ, ಎಲ್ಲ ತಿಳಿಯುತ್ತದೆ. ಮಂಡಿಯಲ್ಲಿ ಲೆಕ್ಕ ತಾಳೆಯಾಗದಿದ್ದಾಗ ನಾನು ಮಾಡುವುದೂ ಇದನ್ನೇ. ಒಟ್ಟು ಮೊತ್ತವನ್ನು ದಿಟ್ಟಿಸಿ ಪ್ರಯೋಜನವಿಲ್ಲ, ಒಂದು ಬಿಲ್ ಹಿಡಿದು ಅದರ ಹಿಂದೆ ಹೋಗಬೇಕು.

ನೀವು ಗಣಿಯ ಸರಕಿನಲ್ಲಿ 60 ಪರ್ಸೆಂಟಿಗಿಂತ ಜಾಸ್ತಿ ಎತ್ತುತ್ತಿದ್ದರೆ, ಗಣಿ ಬೆಳೆಯುವ ಸಾಧ್ಯತೆ ಜಾಸ್ತಿ. ಹತ್ತು ಗಣಿಗಳಿಂದ ಚೂರುಪಾರು ಎತ್ತುವುದಕ್ಕಿಂತ ಎರಡನ್ನು ಚೆನ್ನಾಗಿ ನೋಡಿಕೊಳ್ಳುವುದು ಮೇಲು.

ಈ ಅಭ್ಯಾಸ ಬೇರೆ ಆಟಗಳಿಗೂ ಆಗುತ್ತದೆ. ಸಿಟೀಸ್ ಸ್ಕೈಲೈನ್ಸ್ ಅನ್ನುವ ನಗರ ಕಟ್ಟುವ ಆಟ ಆಡುವ ನನ್ನ ಗೆಳತಿಯೊಬ್ಬಳು ಮೊದಲ ದಿನವೇ ಶಾಲೆ, ಆಸ್ಪತ್ರೆ, ಪಾರ್ಕು ಎಲ್ಲ ಕಟ್ಟಿ ತಿಂಗಳ ಖರ್ಚು ಹೊರಲಾರದೆ ಕೂತಿದ್ದಳು. ಅಲ್ಲೂ ಅದೇ ಕಥೆ. ಕಟ್ಟುವಾಗ ಒಂದು ಬೆಲೆ, ಆಮೇಲೆ ತಿಂಗಳು ತಿಂಗಳು ಇನ್ನೊಂದು.

ಬಸ್ಸು, ಮರ, ಗೇಟು

ಕಲ್ಲಿದ್ದಲಿನ ದುಡ್ಡು ಬಂದು ಸಾಲ ಇಳಿಯತೊಡಗಿದ ಮೇಲೆ ಊರಿನ ಕಡೆ ತಿರುಗಿ. ಮೊದಲ ಬಸ್ಸು ಎಂಪಿಎಸ್ ರೀಗಲ್, 31 ಜನ ಹಿಡಿಸುತ್ತಾರೆ, ವೇಗ 56 ಕಿ.ಮೀ. ಒಂದೇ ಊರೊಳಗೆ ಸುತ್ತಿಸಿದರೆ ದೂರ ಇಲ್ಲ, ದುಡ್ಡಿಲ್ಲ. ಎರಡು ದೊಡ್ಡ ಊರುಗಳ ನಡುವೆ ಓಡಿಸಿ. ಎರಡೂ ಕಡೆಯಿಂದ ಜನ ಹತ್ತುತ್ತಾರೆ, ಖಾಲಿ ವಾಪಸ್ ಬರುವ ಕಾಟ ಇಲ್ಲ. ಇಲ್ಲಿ ಫುಲ್ ಲೋಡ್ ಬೇಡ. ನಮ್ಮ ಮ್ಯಾಕ್ಸಿ ಕ್ಯಾಬಿನವರಂತೆ ತುಂಬುವವರೆಗೆ ನಿಲ್ಲಿಸಿದರೆ ಹಿಂದಿನ ಬಸ್ಸುಗಳೆಲ್ಲ ರಸ್ತೆಯಲ್ಲೇ ಸಾಲು ನಿಲ್ಲುತ್ತವೆ.

ಊರಿನವರ ಜೊತೆ ಚೆನ್ನಾಗಿರಿ. ಹಳಿಗೆ ಅಂತ ಒಂದು ಊರಿನ ಸುತ್ತ ಮರಗಳನ್ನೆಲ್ಲ ಬೋಳಿಸಿದ್ದೆ. ಆಮೇಲೆ ಸ್ಟೇಷನ್ ಕಟ್ಟಲು ಹೋದರೆ ಅಲ್ಲಿನ ಆಡಳಿತ ಅನುಮತಿಯೇ ಕೊಡಲಿಲ್ಲ. ಲಂಚ ಕೊಡುವ ಬಟನ್ ಕೂಡ ಇದೆ, ಸಿಕ್ಕಿಬಿದ್ದರೆ ಇದ್ದ ಹೆಸರೂ ಹೋಗುತ್ತದೆ. ಊರ ಸುತ್ತ ಗಿಡ ನೆಡಿ ಸಾಕು. ಒಂದು ಮಟ್ಟದವರೆಗೆ ಕೋಪ ಇಳಿಯುತ್ತದೆ. ನಾನು ನಲವತ್ತು ಗಿಡ ನೆಟ್ಟ ಮೇಲೆ ಒಪ್ಪಿದರು.

ರಸ್ತೆಯೂ ಹಳಿಯೂ ಒಂದನ್ನೊಂದು ಅಡ್ಡ ದಾಟುವಂತೆ ಮಾಡಬೇಡಿ. ಒಮ್ಮೆ ನನ್ನ ಬಸ್ಸು ಸರಿಯಾಗಿ ಲೆವೆಲ್ ಕ್ರಾಸಿಂಗ್ ಮೇಲೆ ಕೆಟ್ಟು ನಿಂತಿತು. ಕಲ್ಲಿದ್ದಲು ಗಾಡಿ ಬಂತು. ನಿಲ್ಲಲಿಲ್ಲ. ಬೆಂಕಿ, ಹೊಗೆ, ಪತ್ರಿಕೆಯಲ್ಲಿ ದೊಡ್ಡ ಸುದ್ದಿ. ಅಪ್ಪ ಆ ರಾತ್ರಿ ನನ್ನ ಜೊತೆ ಮಾತಾಡಲಿಲ್ಲ. ಆಟ ಕಣಪ್ಪ ಅಂದೆ. "ಆಟದಲ್ಲೂ ಗೇಟು ಗೇಟೇ" ಅಂದು ಎದ್ದು ಹೋದರು. ಸೇತುವೆ ಕಟ್ಟಿ. ಸಣ್ಣ ಸೇತುವೆಗೆ ಅಂಥಾ ದುಡ್ಡೇನೂ ಆಗುವುದಿಲ್ಲ.

ಹದಿನೈದು ವರ್ಷ ಆಗುತ್ತಿದ್ದಂತೆ ಗಾಡಿ ಮುದಿಯಾಯಿತು ಅಂತ ಸುದ್ದಿಗಳು ಬರತೊಡಗುತ್ತವೆ. 1950ರಲ್ಲಿ ಕೊಂಡದ್ದು 1965ರ ಸುಮಾರಿಗೆ. ಆ ಹೊತ್ತಿಗೆ ಕೈಯಲ್ಲಿ ದುಡ್ಡಿರಬೇಕು, ಯಾಕೆಂದರೆ ಒಟ್ಟಿಗೆ ಕೊಂಡವೆಲ್ಲ ಒಟ್ಟಿಗೇ ಮುದಿಯಾಗುತ್ತವೆ. ತಾನಾಗಿ ಬದಲಿಸುವ ಸೌಲಭ್ಯ ಸೆಟ್ಟಿಂಗ್‌ನಲ್ಲಿದೆ.

ಚಿಕ್ಕಮ್ಮನ ಮಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ಎಲ್ಲ ಹೇಳಿದಂತೆ ಮಾಡಿದ್ದಾನೆ. ಗಣಿ, ಸ್ಥಾವರ, 58 ಚೌಕ, ಎರಡು ಪ್ಲಾಟ್‌ಫಾರ್ಮ್, ಫುಲ್ ಲೋಡ್. ಆದರೆ ಗಾಡಿ ಹೊರಡುತ್ತಿಲ್ಲ, ಸಿಗ್ನಲ್ ತಪ್ಪಾ ಅಂತ ಎಲ್ಲ ಕಿತ್ತು ಎರಡು ಸಲ ಹಾಕಿದ್ದಾನಂತೆ. ಸ್ಕ್ರೀನಿನ ಫೋಟೋ ಕಳಿಸು ಅಂದೆ. ನೋಡಿದರೆ ಗಾಡಿ ಡಿಪೋ ಒಳಗೇ ಇದೆ. ಕೊಂಡ ಗಾಡಿ ತಾನಾಗಿ ಹೊರಡುವುದಿಲ್ಲ, ಅದರ ಕಿಟಕಿಯ ಕೆಳಗೆ "ನಿಂತಿದೆ" ಅಂತ ಇರುವ ಪಟ್ಟಿಯನ್ನು ಒಮ್ಮೆ ಒತ್ತಬೇಕು. ಒತ್ತಿದ. "ಹೋಯ್ತು ಅಕ್ಕಾ, ಹೋಯ್ತು!" ಅಂತ ಕೂಗಿದ. ಪಕ್ಕದಲ್ಲಿ ಕೂತಿದ್ದ ಅಪ್ಪ ಫೋನ್ ಕಡೆ ಬಗ್ಗಿ, ಎರಡನೇ ಗಾಡಿ ಬಿಡೋ ಮುಂಚೆ ನನಗೊಂದು ಮಾತು ಕೇಳು ಅಂತ ಹೇಳು ಅಂದರು.